ನುಂಗಲಾರದ ಮುದ್ದೆ

ಊರಿಗಾಂ, ಗುರುವಾರ

ತಮ್ಮ ಮುನೀಂದ್ರನಿಗೆ ಅಕ್ಕನ ಆಶೀರ್ವಾದ.

ಫೋನು ಮಾಡಿದರೆ ಮನೆಯಲ್ಲಿ ಕೇಳಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ತೂಕ ಇಳಿದು ಮಂಡಿನೋವು ಹೋಗಲೆಂದು ಹಟ ಹಿಡಿದು ಆಪರೇಷನ್ ಮಾಡಿಸಿ ಹೊಟ್ಟೆಯೊಳಗೆ ಜಠರ ಬಿಗಿಯುವ ಬ್ಯಾಂಡ್ ಹಾಕಿಸಿಕೊಂಡೆನಲ್ಲ, ಈಗ ಪ್ರತಿ ತುತ್ತನ್ನೂ ನುಣ್ಣಗೆ ಅಗಿಯಬೇಕಂತೆ. "ಮುದ್ದೆ ಅಗೀಬಾರ್ದು ಕಣ್ಲಾ, ನುಂಗ್ಬೇಕು" ಎಂದು ನಿನಗೆ ಕಲಿಸಿದವಳೇ ನಾನು. ಅರವತ್ತು ವರ್ಷದ ಅಭ್ಯಾಸ, ಗಂಟಲು ಮಾತು ಕೇಳುವುದಿಲ್ಲ. ನುಂಗಿದ್ದು ಎದೆಯಲ್ಲೇ ನಿಲ್ಲುತ್ತದೆ.

ತಟ್ಟೆಯಲ್ಲೇ ಬಿಟ್ಟರೆ ಸೊಸೆ ವನಿತಾ, "ಯಾಕತ್ತೆ, ನಾನ್ ತಿರುವಿದ್ ಮುದ್ದೆ ಗಂಟಾಗೈತಾ?" ಎಂದು ಮುಖ ಸಪ್ಪೆ ಮಾಡುತ್ತಾಳೆ. ತಿಂದು, ಹಿತ್ತಲಿಗೆ ಹೋಗಿ ಕಕ್ಕಿ ಬರುತ್ತೇನೆ.

ಬ್ಯಾಂಡ್ ಸಡಿಲಿಸಬಹುದೆಂದು ಡಾಕ್ಟರು ಹೇಳಿದ್ದರು. ಆಪರೇಷನ್ನೇ ಬೇಡವೆಂದಿದ್ದ ಮಗನನ್ನು ಕೇಳಲು ನಾಚಿಕೆ. ಬುಧವಾರ ನೀನೇ ಬಂಗಾರಪೇಟೆಯಿಂದ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋಗು.

ಊಟದ ಹೊತ್ತಿಗೇ ಬಾ. ವನಿತಾ ಸಾರು ತರಲು ತಿರುಗಿದಾಗ ನನ್ನ ಮುದ್ದೆಯನ್ನೂ ನೀನೇ ನುಂಗು.

ನಿನ್ನ ಅಕ್ಕ,
ಶಶಿರೇಖ