ಕೊನೆಯ ಹಾಡು ಮುಗಿದ ಬಗೆ

ಮಾರ್ಚ್ ೧೪, ಭಾನುವಾರ
ಬೆಳಿಗ್ಗೆ, ಅಡುಗೆಮನೆಯ ಮೇಜು

ಪ್ರೀತಿಯ ಗುಂಗೀ,

ನಿನ್ನ ಕಾಗದ ಬಂದು ಇಂದಿಗೆ ಇಪ್ಪತ್ತೆರಡು ದಿನ. ಇಷ್ಟು ಕಾಯಿಸಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಹುಷಾರಿರಲಿಲ್ಲ ಎಂದು ಬರೆದು ಪಾರಾಗಬಹುದಿತ್ತು. ಆದರೆ ಮೇಲಿನ ಮನೆಯ ಟೀಚರಮ್ಮ ವಾರಕ್ಕೊಮ್ಮೆ ನಿನಗೆ ಫೋನ್ ಮಾಡಿ ನನ್ನ ವರದಿ ಒಪ್ಪಿಸುತ್ತಾರೆಂಬುದು ನನಗೆ ಗೊತ್ತು. ಹಾಗಾಗಿ ನಿಜವನ್ನೇ ಬರೆಯುತ್ತೇನೆ: ಗುಂಡುಕಲ್ಲಿನ ಹಾಗಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ಮಧ್ಯಾಹ್ನ ಒಂದು ಕೋಳಿನಿದ್ದೆ ತೆಗೆಯುತ್ತೇನೆ. ವಾರಕ್ಕೆರಡು ದಿನ ಹಳೆಯ ಆಫೀಸಿಗೆ ಹೋಗಿ, ಹೊಸದಾಗಿ ಸೇರಿದ ಲಿಫ್ಟ್ ಮೆಕ್ಯಾನಿಕ್‌ಗಳಿಗೆ ಮೋಟರಿನ ಸದ್ದು ಕೇಳುವುದನ್ನು ಕಲಿಸುತ್ತೇನೆ. ಅವರ ಕೈಯಲ್ಲಿ ಮೀಟರುಗಳಿವೆ. "ಇದು ಎಲ್ಲಾ ತೋರಿಸುತ್ತೆ ಸಾರ್" ಅನ್ನುತ್ತಾರೆ. "ತೋರಿಸ್ಲಿ ಬಿಡಿ, ಕೇಳಿಸುತ್ತಾ?" ಅನ್ನುತ್ತೇನೆ. ನಗುತ್ತಾರೆ. ನಗಲಿ, ಆಮೇಲೆ ಕಿವಿ ಕೊಡುತ್ತಾರೆ.

"ಫೋನಲ್ಲೇ ಹೇಳ್ಬಿಡು ಅಪ್ಪಾ, ಎರಡು ನಿಮಿಷದ ಮಾತು" ಎಂದೆ ನೀನು. ಎರಡು ನಿಮಿಷದ್ದೇ ನಿಜ. ಆದರೆ ಹೇಳಲು ಬಾಯಿ ಬರಲಿಲ್ಲ.

ಕೆಲಸದ ಚೀಟಿಯಲ್ಲಿ ದೂರು ಬರೆದುಕೊಳ್ಳುವ ಹಾಗೆ ನಿನ್ನ ಪ್ರಶ್ನೆಯನ್ನು ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ. ಮುಂದಿನ ತಿಂಗಳ ಮೂರನೆಯ ಭಾನುವಾರ, ಮಧ್ಯಾಹ್ನ ಮೂರಕ್ಕೆ ನಿಮ್ಮ ತಂಡದ ಕಾರ್ಯಕ್ರಮ. ಡಿಪೋದವರ ಬ್ಯಾಂಡ್ ಕೊನೆಯ ಸಲ ನುಡಿಸಿದ ಅದೇ ಹಳೆಯ ಸಭಾಂಗಣ. ಡಿಪೋದವರ ಕೊನೆಯ ಹಾಡನ್ನು ಹಾಡಿ ಮುಗಿಸಬೇಕೆಂದಿದ್ದೀರಿ. ಆ ಹಾಡನ್ನು ಅವರು ಒಂದೇ ಒಂದು ಸಲ ಹಾಡಿದ್ದು. ಯಾರೂ ಅದನ್ನು ಟೇಪ್ ಮಾಡಿಕೊಂಡಿಲ್ಲ. ಅವರ ಹಾಡುಗಾರ ಈಗ ಬೀಗದ ಕೈ ಮಾಡುವ ಅಂಗಡಿ ಇಟ್ಟಿದ್ದಾರೆ, ನೀವು ಹುಡುಕಿಕೊಂಡು ಹೋದಿರಿ. ಅವರು, "ಪದ ಇದೆ ಮಗಳೇ, ಧಾಟಿ ಇದೆ. ಹೇಗೆ ಮುಗಿಸಿದ್ವಿ ಅನ್ನೋದು ಮಾತ್ರ ನೆನಪಿಲ್ಲ. ಅವತ್ತು ನಾವೆಲ್ಲ ನಿಲ್ಲಿಸಿದ್ಮೇಲೂ ನಮ್ಮ ಬೇಸ್ ಗಿಟಾರಿನವನು ತನ್ನಷ್ಟಕ್ಕೆ ಏನೋ ನುಡಿಸ್ತಾ ಇದ್ದ. ನಾನು ಅಳ್ತಾ ಇದ್ದೆ, ಕೇಳಿಸ್ಕೊಳ್ಳಲಿಲ್ಲ. ಅಲ್ಲಿದ್ದವರು ಯಾರಾದ್ರೂ ಇದ್ರೆ ಕೇಳಿ" ಅಂದರು. ಬೇಸ್‌ನವರು ಈಗಿಲ್ಲ. ನೀನು ಎದೆ ತಟ್ಟಿಕೊಂಡು, "ನಮ್ಮಪ್ಪ ಇದ್ರು!" ಎಂದು ಹೇಳಿಬಂದಿದ್ದೀಯ.

ಇದು ದೂರು. ಈಗ ಪರಿಶೀಲನೆ. ನಿನ್ನ ಅಪ್ಪ ನೇರವಾಗಿ ಮೋಟರಿಗೆ ಕೈ ಹಾಕುವವನಲ್ಲ, ಮೊದಲು ಕಟ್ಟಡವನ್ನೊಂದು ಸುತ್ತು ಬರುತ್ತಾನೆ. ಸ್ವಲ್ಪ ತಾಳಿಕೋ.

ನಾನೂ ನಿನ್ನ ಅಮ್ಮನೂ ಜೊತೆಯಾಗಿ ಕೇಳಿದ ಮೊದಲ ತಂಡ ಮೂವರು ಅಕ್ಕತಂಗಿಯರದ್ದು. ಶಾಲೆಯೊಂದರ ವ್ಯಾಯಾಮದ ಕೋಣೆ, ಮಡಚುವ ಕುರ್ಚಿಗಳು, ಗೋಡೆಗೆ ಇನ್ನೂ ನೇತುಬಿದ್ದಿದ್ದ ಹಗ್ಗಗಳು. ಎರಡನೇ ಹಾಡಿನ ನಡುವೆ ದೊಡ್ಡವಳು ಗಿಟಾರ್ ನಿಲ್ಲಿಸಿ ಕಿರಿಯವಳತ್ತ ತಿರುಗಿ, "ಶ್ರುತಿ ಎಲ್ಲಿ ಬಿಟ್ಟು ಬಂದೆ?" ಎಂದಳು. ಚಿಕ್ಕವಳು ಮೈಕಿನಲ್ಲೇ, "ನಿನ್ನ ಚೀಲದಲ್ಲಿದೆ ನೋಡು. ನನ್ನದೆಲ್ಲ ಅಲ್ಲೇ ತಾನೇ ಸೇರೋದು!" ಎಂದಳು. ನಡುವಿನವಳು ಡ್ರಮ್ ಬಾರಿಸುವುದನ್ನು ನಿಲ್ಲಿಸಲೇ ಇಲ್ಲ. ಇಬ್ಬರ ಜಗಳಕ್ಕೂ ತಾಳ ಹಾಕುತ್ತ ಹೋದಳು. ಅದೇ ಅವತ್ತಿನ ಅತ್ಯುತ್ತಮ ಹಾಡಾಯಿತು. ನಿನ್ನ ಅಮ್ಮ ಕೊನೆಯವರೆಗೂ ಚಿಕ್ಕವಳ ಪಕ್ಷ. ನಾನು ಡ್ರಮ್ಮಿನವಳ ಪಕ್ಷ ಎಂದಾಗ, "ನಿನ್ನ ಹಾಗೇ, ಮಾತಾಡದೆ ಕೆಲಸ ಮಾಡ್ತಾಳೆ ಅಂತ ತಾನೇ?" ಎಂದಳು. ಅದನ್ನು ಹೊಗಳಿಕೆಯೆಂದೇ ತಿಳಿದುಕೊಂಡೆ. ಈಗಲೂ ಹಾಗೇ ತಿಳಿದಿದ್ದೇನೆ.

ಅವಳಾಗ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ಪುಸ್ತಕದ ಮೇಲೆ ಪೆನ್ನು ಮುಟ್ಟಿಸಬಾರದು ಎಂಬ ನಿಯಮವನ್ನು ಬದುಕಿಗೂ ಅನ್ವಯಿಸಿಕೊಂಡಿದ್ದಳು. ದಿನಸಿ ಪಟ್ಟಿಯಿಂದ ಹಿಡಿದು ನನಗೆ ಬರೆದ ಕಾಗದಗಳವರೆಗೆ ಎಲ್ಲವೂ ಪೆನ್ಸಿಲ್‌. ಪ್ರತಿ ಕಾರ್ಯಕ್ರಮದಲ್ಲೂ ಟಿಕೆಟ್ಟಿನ ಬೆನ್ನಿಗೆ ಹಾಡುಗಳನ್ನು ಕ್ರಮವಾಗಿ ಗುರುತು ಹಾಕಿಕೊಳ್ಳುತ್ತಿದ್ದಳು, ಇರುವೆ ಸಾಲಿನಂಥ ಅಕ್ಷರದಲ್ಲಿ. ಹೊರಗೆ ಬಂದ ಕೂಡಲೇ ನನ್ನ ಟಿಕೆಟ್ಟನ್ನೂ ಇಸಿದುಕೊಳ್ಳುತ್ತಿದ್ದಳು. ಎರಡೂ ಬಿಸ್ಕತ್ತಿನ ಡಬ್ಬಿಗೆ. ಆ ಡಬ್ಬಿ ನಿನಗೆ ನೆನಪಿರಬೇಕು, ಕಪಾಟಿನ ಎರಡನೆಯ ಹಲಗೆಯಲ್ಲಿ ಇರುತ್ತಿತ್ತು.

ಡಿಪೋದವರು ಯಾರೆಂದು ನಿನ್ನ ಗೆಳೆಯರಿಗೆ ಹೇಳಬೇಕಾದರೆ ಹೀಗೆ ಹೇಳು: ಬಸ್ ಡಿಪೋದ ನಾಲ್ವರು. ಇಬ್ಬರು ಮೆಕ್ಯಾನಿಕ್‌ಗಳು, ಒಬ್ಬ ಕಂಡಕ್ಟರ್, ಒಬ್ಬ ಪಾಸ್ ಕೌಂಟರಿನ ಗುಮಾಸ್ತ. ಕಂಡಕ್ಟರ್ ಹಾಡುಗಾರ, ಜನರನ್ನು ಮುಂದಕ್ಕೆ ಸರಿಸಿ ಸರಿಸಿ ಗಂಟಲು ಪಳಗಿತ್ತು. ಗುಮಾಸ್ತ ಬೇಸ್‌ನವರು. ತೆಳ್ಳಗಿನ ಮನುಷ್ಯ, ವೇದಿಕೆಯ ಮೂಲೆಯಲ್ಲಿ ಗೋಡೆ ಕಡೆಗೆ ಅರ್ಧ ತಿರುಗಿ ನಿಲ್ಲುತ್ತಿದ್ದರು, ಸಾಲಿನಲ್ಲಿದ್ದವರು ಯಾರಾದರೂ ಏನಾದರೂ ಕೇಳಿಬಿಟ್ಟಾರೆಂದು ಹೆದರಿದವರಂತೆ. ನಾವು ಅವರನ್ನು ಹನ್ನೊಂದು ಸಲ ಕೇಳಿದ್ದೇವೆ. ಬಟ್ಟೆ ಗಿರಣಿಯ ಊಟದ ಕೋಣೆಯಲ್ಲಿ ಒಮ್ಮೆ ವಿದ್ಯುತ್ ಹೋಯಿತು. ಮೈಕಿಲ್ಲ, ಗಿಟಾರ್ ಇಲ್ಲ. ಕಂಡಕ್ಟರ್ ಬೆಂಚಿನ ಮೇಲೆ ಹತ್ತಿ, "ಯಾರೂ ಇಳೀಬೇಡಿ, ಗಾಡಿ ಈಗ ಹೊರಡುತ್ತೆ" ಎಂದು ಕೂಗಿದರು. ಮುನ್ನೂರು ಜನ ಊಟದ ತಟ್ಟೆ ಬಡಿಯುತ್ತ ಹಾಡಿದೆವು. ನಿನ್ನ ಅಮ್ಮ ಬಡಿದ ತಟ್ಟೆ ಸೊಟ್ಟಗಾಯಿತು. ಆಮೇಲೆ ಬಹಳ ಕಾಲ ಅದೊಂದೇ ಕಾರ್ಯಕ್ರಮದ ಮಾತು.

ಇನ್ನು ಕೊನೆಯದು. ಅಮ್ಮ ಅದನ್ನು ಬಂದವರಿಗೆಲ್ಲ ಹೇಳುತ್ತಿದ್ದಳು, ನಿನಗೆ ಬಾಯಿಪಾಠವಾಗಿದೆ. ಡಿಪೋದವರು ತಂಡ ಮುರಿಯುತ್ತಿದ್ದಾರೆಂಬ ಸುದ್ದಿ, ಭಾನುವಾರ ಮಧ್ಯಾಹ್ನದ ಕಾರ್ಯಕ್ರಮ, ನಮಗೆ ಅಕ್ಕಪಕ್ಕದ ಎರಡು ಟಿಕೆಟ್. ನಮ್ಮ ಮದುವೆಯ ಮಾತಿನ್ನೂ ಬಂದಿರಲಿಲ್ಲ. ಹೊರಡುವ ಹೊತ್ತಿಗೆ ನನಗೊಂದು ಕರೆ: ವಸತಿ ಕಟ್ಟಡವೊಂದರ ಲಿಫ್ಟ್ ನಾಲ್ಕು ಮತ್ತು ಐದನೆಯ ಮಹಡಿಗಳ ನಡುವೆ ನಿಂತಿದೆ, ಒಳಗೆ ವಯಸ್ಸಾದ ಗಂಡ ಹೆಂಡತಿ. ನಾನು ಮೇಲಿನಿಂದ, "ಹೆದರ್ಬೇಡಿ ಅಮ್ಮಾ, ಹತ್ತೇ ನಿಮಿಷ" ಎಂದು ಕೂಗಿದೆ. ಒಳಗಿನಿಂದ ಆಕೆ, "ನಿಧಾನವಾಗಿ ಮಾಡಪ್ಪಾ. ನಲವತ್ತು ವರ್ಷದಲ್ಲಿ ಇವತ್ತೇ ಇವರು ನನ್ನ ಮಾತು ಪೂರ್ತಿ ಕೇಳ್ತಿರೋದು" ಎಂದರು. ಹತ್ತು ನಿಮಿಷದ ಕೆಲಸಕ್ಕೆ ಎರಡು ಗಂಟೆ ಹಿಡಿಯಿತು.

ಅಮ್ಮ ಮುಂದಿನದನ್ನು ಹೇಗೆ ಹೇಳುತ್ತಿದ್ದಳು ನೆನಪಿದೆಯಲ್ಲ? "ಇವರು ಬಂದಾಗ ಇನ್ನೂ ಮೂರು ಹಾಡು ಬಾಕಿ. ಹಿಂದೆ ನಿಂತ್ಕೊಂಡಿದ್ರಂತೆ, ಕೈಯಲ್ಲಿ ಸ್ಕ್ರೂಡ್ರೈವರ್! ಹೊರಗೆ ಸಿಕ್ಕಿದಾಗ ಒಂದು ಕಿವಿ ಕೆಂಪಗೆ. 'ಯಾರು ಹಿಂಡಿದ್ರು?' ಅಂದೆ. 'ಮೇಸ್ತ್ರಿ' ಅಂದ್ರು." ಅಷ್ಟಕ್ಕೆ ಎಲ್ಲರೂ ನಗುತ್ತಿದ್ದರು. ಅವಳು ನನ್ನನ್ನೊಮ್ಮೆ ನೋಡಿ, ತಟ್ಟೆಗಳನ್ನು ಎತ್ತಿಡಲು ಹೋಗುತ್ತಿದ್ದಳು.

ಆ ಸ್ಕ್ರೂಡ್ರೈವರ್ ನಿನಗೆ ಗೊತ್ತಿರುವುದೇ, ಮೊಳದುದ್ದದ್ದು. ತುದಿಯನ್ನು ಯಂತ್ರದ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿದರೆ ಒಳಗಿನದೆಲ್ಲ ಕೇಳುತ್ತದೆ. ನಾಲ್ಕು ವರ್ಷದವಳಿದ್ದಾಗ ನೀನು ಬಟ್ಟೆ ಒಗೆಯುವ ಯಂತ್ರಕ್ಕೆ ಹಚ್ಚಿ, "ಅಪ್ಪಾ, ಒಳಗೆ ಯಾರೋ ನಡೀತಿದಾರೆ" ಎಂದಿದ್ದೆ. ಅವತ್ತಿನಿಂದ ಅದರ ಹಾಗೆ ತಗ್ಗಿನ ಧ್ವನಿಯಲ್ಲಿ ಗುಂಯ್‌ಗುಡುತ್ತ ಮನೆಯೆಲ್ಲ ಸುತ್ತುತ್ತಿದ್ದೆ. ಗುಂಗಿ ಎಂಬ ಹೆಸರು ಅಮ್ಮ ಇಟ್ಟದ್ದು. ಮುಂದೆ ಎಲ್ಲ ಮಕ್ಕಳೂ ಗಿಟಾರ್ ಬೇಕೆಂದು ಹಟ ಹಿಡಿದಾಗ ನೀನು ಬೇಸ್ ಬೇಕೆಂದೆ. ಅಂಗಡಿಯವನು, "ಇದರಲ್ಲಿ ಹಾಡು ಬರಲ್ಲ ಪಾಪು" ಎಂದ. "ಹಾಡು ಇದರ ಮೇಲೆ ನಿಂತ್ಕೊಳ್ಳುತ್ತೆ" ಎಂದೆ ನೀನು. ನಾನು ಅತ್ತ ತಿರುಗಿ ಡ್ರಮ್ ನೋಡುವವನ ಹಾಗೆ ನಿಂತೆ, ಕಣ್ಣು ತುಂಬಿತ್ತು.

ಸರಿ, ಸುತ್ತು ಮುಗಿಯಿತು. ಈಗ ಉತ್ತರ. ನನಗೆ ಸ್ವರಗಳ ಹೆಸರು ಗೊತ್ತಿಲ್ಲ, ನನಗೆ ತಿಳಿದ ರೀತಿಯಲ್ಲಿ ಹೇಳುತ್ತೇನೆ.

ಎಲ್ಲರೂ ನುಡಿಸುವುದನ್ನು ನಿಲ್ಲಿಸಿದ ಮೇಲೆ ಬೇಸ್ ಒಂದೇ ಉಳಿಯಿತು. ಅದು ನಾಲ್ಕು ಮೆಟ್ಟಿಲು ಇಳಿಯಿತು, ಒಂದೊಂದಕ್ಕೂ ಒಂದು ಉಸಿರಿನಷ್ಟು ಹೊತ್ತು. ಮತ್ತೆ ಮೇಲಿನಿಂದ ಅದೇ ನಾಲ್ಕು. ಮೂರನೆಯ ಸಲ ಮೂರೇ ಮೆಟ್ಟಿಲು ಇಳಿದು ನಿಂತುಬಿಟ್ಟಿತು. ಹಳೆಯ ಲಿಫ್ಟುಗಳು ಮಹಡಿಗೆ ಬೆರಳಿನಷ್ಟು ಮೇಲೆ ನಿಂತು, ಯೋಚನೆ ಮಾಡಿ, ಆಮೇಲೆ ನೆಲಕ್ಕೆ ಕೂರುತ್ತವಲ್ಲ, ಹಾಗೆ. ನಾನು ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು, ಐದು. ಜನರ ಚಪ್ಪಾಳೆ ಶುರುವಾಯಿತು. ಆ ಚಪ್ಪಾಳೆಯ ಅಡಿಯಲ್ಲಿ, ಯಾರಿಗೂ ಕೇಳಬೇಕೆಂದಿಲ್ಲದವರ ಹಾಗೆ, ಅವರು ನಾಲ್ಕನೆಯದನ್ನು ನುಡಿಸಿದರು. ಮೆಲ್ಲಗೆ, ಅರ್ಧದಷ್ಟು ಸದ್ದಿನಲ್ಲಿ. ಅಲ್ಲಿಗೆ ಮುಗಿಯಿತು.

ಇದರಲ್ಲಿ ನನಗೆ ಕೂದಲೆಳೆಯಷ್ಟೂ ಸಂಶಯವಿಲ್ಲ. ಉಳಿದ ವಾದ್ಯಗಳವರು ಆಗ ಏನು ಮಾಡುತ್ತಿದ್ದರು, ದೀಪ ಹೇಗಿತ್ತು, ಯಾರು ಯಾರನ್ನು ತಬ್ಬಿಕೊಂಡರು ಎಂದು ಕೇಳಬೇಡ.

ಕಾರ್ಯಕ್ರಮಕ್ಕೆ ಖಂಡಿತ ಬರುತ್ತೇನೆ. "ಅಪ್ಪನಿಗೆ ಟಿಕೆಟ್ ಯಾಕೆ, ಹೆಸರು ಹೇಳಿದ್ರೆ ಬಿಡ್ತಾರೆ" ಎಂದು ಬರೆದಿದ್ದೀಯ. ಬೇಡ, ನನಗೆ ಟಿಕೆಟ್ ಬೇಕು. ಎರಡು ಗಂಟೆ ಮೊದಲೇ ಬಂದು ಬಾಗಿಲಲ್ಲಿ ಕೂತಿರುತ್ತೇನೆ. ಆ ಇಡೀ ದಿನ ನನ್ನ ಫೋನ್ ಬಂದ್, ಲಿಫ್ಟುಗಳು ಎಲ್ಲಿ ಬೇಕಾದರೂ ನಿಲ್ಲಲಿ. ಟೀಚರಮ್ಮನೂ ಬರುತ್ತಾರಂತೆ. "ಕಿವಿಗೆ ಹತ್ತಿ ತರಬೇಕಾ?" ಎಂದು ಕೇಳಿದರು. ತನ್ನಿ, ಆದರೆ ನನ್ನ ಮಗಳು ನುಡಿಸುವಾಗ ತೆಗೆಯಿರಿ ಎಂದೆ.

ನಿನ್ನ ಕೈಬೆರಳಿನ ಗುಳ್ಳೆ ವಾಸಿಯಾಗಲಿ. ತಂತಿ ಗಟ್ಟಿಯಾಗಿರಲಿ. ನೂರು ಕಾಲ ನುಡಿಸುತ್ತಿರು, ಮಗಳೇ.

ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಇಲ್ಲಿಯವರೆಗೆ ತಳ್ಳಿಕೊಂಡು ಬಂದದ್ದು. ಗುಂಗೀ, ನಾನು ಒಳಗಿರಲಿಲ್ಲ. ಕಾರ್ಯಕ್ರಮ ಶುರುವಾದ ಮೇಲೆ ಬಾಗಿಲು ತೆಗೆಯುವಂತಿರಲಿಲ್ಲ. "ನನ್ನ ಹತ್ರ ಟಿಕೆಟ್ ಇದೆ" ಎಂದೆ. "ಇದ್ರೆ ಜೋಪಾನವಾಗಿ ಇಟ್ಕೊಳ್ಳಿ" ಎಂದ ಬಾಗಿಲಿನವನು. ಕಟ್ಟಡದ ಹಿಂದೆ, ವೇದಿಕೆಗೆ ಸಾಮಾನು ಸಾಗಿಸುವ ಕಬ್ಬಿಣದ ಬಾಗಿಲಿತ್ತು. ಅದಕ್ಕೆ ಸ್ಕ್ರೂಡ್ರೈವರ್ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಕೊನೆಯ ಮೂರು ಹಾಡು ಕೇಳಿದೆ. ಕಬ್ಬಿಣದಲ್ಲಿ ಬೇಸ್ ಒಂದೇ ಸ್ಪಷ್ಟವಾಗಿ ಬರುತ್ತಿತ್ತು. ಕಿವಿ ಕೆಂಪಾದದ್ದು ಹಾಗೆ. ಹೊರಬಂದ ನಿನ್ನ ಅಮ್ಮನ ಮುಖ ನೋಡಿದೆ. ಎರಡು ಗಂಟೆ ನನ್ನ ಕುರ್ಚಿಯ ಮೇಲೆ ಚೀಲ ಇಟ್ಟು ಕಾದಿದ್ದಳು. "ಹಿಂದೆ ನಿಂತಿದ್ದೆ" ಎಂದುಬಿಟ್ಟೆ. ಅವಳು ಎಂದಿನಂತೆ ಕೈ ಚಾಚಿದಳು, ನಾನು ಎಂದಿನಂತೆ ಟಿಕೆಟ್ ಕೊಟ್ಟೆ. ಒಳಗೆ ಹೋದವರ ಟಿಕೆಟ್ಟನ್ನು ಬಾಗಿಲಲ್ಲಿ ಹರಿದಿರುತ್ತಾರೆ, ನನ್ನದು ಇಡಿಯಾಗಿದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಹಿಂಬದಿಯಲ್ಲಿ ನಿಂತಿದ್ದೆನೆಂದು ಅವಳು ಅಷ್ಟು ವರ್ಷ ಹೇಳುವಾಗಲೆಲ್ಲ, ನನ್ನನ್ನು ನಂಬಿದ್ದಾಳೆ ಎಂದುಕೊಂಡು ಒಳಗೊಳಗೇ ಕುಗ್ಗುತ್ತಿದ್ದೆ. ಅವಳು ಹೋಗಿ ನಾಲ್ಕು ವರ್ಷವಾದರೂ ಡಬ್ಬಿ ಮುಟ್ಟಿರಲಿಲ್ಲ. ನಿನ್ನ ಕಾಗದ ಬಂದ ದಿನ ತೆಗೆದೆ. ಅವಳ ಟಿಕೆಟ್ ಅರ್ಧ, ಅದರ ಬೆನ್ನಿಗೆ ಹದಿನಾಲ್ಕು ಹಾಡುಗಳು. ನನ್ನದು ಇಡಿಯಾಗಿ ಅದರ ಜೊತೆಗೇ ಇತ್ತು. ಅದರ ಬೆನ್ನಿಗೂ ಅವೇ ಹದಿನಾಲ್ಕನ್ನು ನನಗಾಗಿ ನಕಲು ಮಾಡಿದ್ದಾಳೆ. ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು: "ಕೊನೆಯದು ಹೊರಗೆ ಕೇಳಿಸಿತಾ?"

ಮೂವತ್ತೊಂದು ವರ್ಷ ಆ ಡಬ್ಬಿ ನನ್ನ ಕೈಗೆಟುಕುವ ಹಲಗೆಯಲ್ಲೇ ಇತ್ತು. ಅವಳು ಪ್ರಶ್ನೆಯನ್ನು ಅಳಿಸಲಿಲ್ಲ, ಬಾಯಿಬಿಟ್ಟು ಕೇಳಲೂ ಇಲ್ಲ. ಉತ್ತರವನ್ನು ನಿನಗೆ ಮೇಲೆ ಬರೆದಿದ್ದೇನೆ. ಆ ನಾಲ್ಕನೆಯ ಮೆಟ್ಟಿಲನ್ನು ಅವಸರ ಮಾಡದೆ ಇಳಿ.

ಟಿಕೆಟ್ ಮಾತ್ರ ಕಳಿಸು. ಬಾಗಿಲಲ್ಲಿ ನಿಲ್ಲುವವರಿಗೆ ಈಗಲೇ ಹೇಳಿಡು, ನನ್ನದನ್ನು ಮರೆಯದೆ ಹರಿಯಲಿ.