ಅಡಿಟಿಪ್ಪಣಿಯಲ್ಲಿ ಅತ್ತೆಮ್ಮನ ಹೆಸರು

ಅತ್ತೆಮ್ಮ,

ನಿಮಗೆ ಓದಲು ಬರುತ್ತಿರಲಿಲ್ಲ. ಹಾಗಾಗಿ ಒಂದೊಂದು ಸಾಲು ಬರೆದ ಮೇಲೂ ಅದನ್ನು ಮೆಲ್ಲಗೆ ಬಾಯಲ್ಲಿ ಹೇಳುತ್ತಿದ್ದೇನೆ. ಎಂಟೊಂಬತ್ತು ವರ್ಷ ನನ್ನ ಡಾಕ್ಟರೇಟಿನ ಪ್ರಬಂಧವನ್ನು ಕೇಳಿಸಿಕೊಂಡಿರಿ, ಇದೊಂದನ್ನೂ ಕೇಳಿಸಿಕೊಳ್ಳಿ. ನೀವು ಹೋಗಿ ಎರಡು ವರ್ಷವಾಯಿತು. ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾದ ತಪ್ಪೊಂದು ನನ್ನಲ್ಲಿ ಉಳಿದುಬಿಟ್ಟಿದೆ.

ಪ್ರಬಂಧಕ್ಕೆ ನಾನು ಆರಿಸಿಕೊಂಡಿದ್ದ ಜರ್ಮನ್ ತತ್ತ್ವಜ್ಞಾನಿಯ ಚಿತ್ರವಿದ್ದ ಪುಸ್ತಕವನ್ನು ನಾನು ಮೊದಲ ಸಲ ಮನೆಗೆ ತಂದ ಮಧ್ಯಾಹ್ನ ನೀವು ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಿರಿ. ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಚಿತ್ರವನ್ನೇ ನೋಡಿದಿರಿ.

“ಅಯ್ಯೋ, ಈ ಪಾಟಿ ಮೀಸೆ ಇಟ್ಕಂಡು ಸಾರು ಎಂಗಮ್ಮಣ್ಣಿ ಕುಡೀತಿದ್ದ?”

“ಅದನ್ನ ಯಾರೂ ಬರ್ದಿಲ್ಲ ಅತ್ತೆಮ್ಮ.”

“ಮತ್ತೆ ಇಷ್ಟು ದಪ್ಪಕೆ ಏನ್ ಬರ್ದವ್ರೆ?”

ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ, ಅದು ಮುಗಿದ ಮೇಲೆ ಕಾರ್ಖಾನೆಗಳ ಇಂಜಿನಿಯರುಗಳ ನಡುವೆ ಕುಳಿತು ಜರ್ಮನ್ ತರಗತಿ, ಆಮೇಲೆ ಎರಡು ಬಸ್ಸು ಹಿಡಿದು ದೊಡ್ಡನೆಕ್ಕುಂದಿಯ ಮನೆಗೆ. ನಲವತ್ತರ ಹತ್ತಿರದಲ್ಲಿ ಇವಳಿಗೆ ಇದೆಲ್ಲ ಯಾಕೆ ಎಂದು ನೆಂಟರೆಲ್ಲ ತಮ್ಮತಮ್ಮಲ್ಲೇ ಕೇಳಿಕೊಂಡರು. ನನ್ನನ್ನೇ ಕೇಳಿದವರು ನೀವೊಬ್ಬರು. ನಾನು ಹೇಳಿದೆ: ಈತ ಯಾವ ಯಾವ ಪುಸ್ತಕ ಓದಿದ, ಯಾವ ಸಾಲಿನ ಪಕ್ಕ ಗೆರೆ ಎಳೆದ, ಓದಿದ್ದು ಹೇಗೆ ಅವನದೇ ಭಾಷೆಯಾಯಿತು, ಅದೆಲ್ಲದರ ನಡುವೆ ‘ನಾನು’ ಎನ್ನುವುದು ಎಷ್ಟು ಅವನದು, ಎಷ್ಟು ಬೇರೆಯವರದು… ನಿಮಗೆ ತಲೆಗೆ ಹೋಗಲಿಲ್ಲವೇನೋ ಅಂದುಕೊಂಡೆ. ಅವನಿಗೆ ಕಣ್ಣು ಮಂಜು, ತಲೆನೋವು ಬಂದರೆ ಗೆಳೆಯರಿಂದ ಓದಿಸಿ ಕೇಳುತ್ತಿದ್ದ ಎಂದಾಗ ಮಾತ್ರ ನಿಮ್ಮ ಮುಖ ಅರಳಿತು. “ಓದ್ಸಿ ಕೇಳ್ತಿದ್ನಾ? ಅಂಗಾರೆ ನಮ್ ಪೈಕೀನೇ ಬುಡು.”

ಅಲ್ಲಿಂದ ಶುರುವಾದ ಭಾನುವಾರಗಳು ಎಷ್ಟು! “ನಿನ್ ಜರ್ಮನಿಯಪ್ಪ ಈ ವಾರ ಏನಂತಾನೆ?” ಎಂದು ನೀವೇ ಕರೆಯುತ್ತಿದ್ದಿರಿ. ಬರೆದಷ್ಟನ್ನು ನಾನು ಓದುತ್ತಿದ್ದೆ. ಅರ್ಥವಾಗದ ಕಡೆ ನೀವು ಸುಮ್ಮನಿರುತ್ತಿರಲಿಲ್ಲ, ಆಕಳಿಸುತ್ತಿದ್ದಿರಿ. ಸಂಜೆ ಕೂತು ಆ ಪುಟವನ್ನೇ ತಿದ್ದುತ್ತಿದ್ದೆ. ನನ್ನ ಮಾರ್ಗದರ್ಶಕರಿಗೆ ಈ ಗುಟ್ಟು ಕೊನೆಯವರೆಗೂ ತಿಳಿಯಲಿಲ್ಲ.

ನಾನು ಹಾಳೆಗಳನ್ನು ಎತ್ತಿ ಎಸೆದ ದಿನ ನೆನಪಿದೆಯೇ? ಅವನದೆಂದು ನಾನು ವರ್ಷಗಟ್ಟಲೆ ಪ್ರೀತಿಸಿದ್ದ ಒಂದು ಮಾತು, ಅವನು ಓದಿ ಗೆರೆ ಎಳೆದಿದ್ದ ಇನ್ನಾರದೋ ಪುಸ್ತಕದಲ್ಲಿ ಸಿಕ್ಕಿತ್ತು. ಸ್ವಲ್ಪ ತಿರುಗಿಸಿ ತನ್ನದು ಮಾಡಿಕೊಂಡಿದ್ದ. ಎಲ್ಲಿಂದ ತಂದದ್ದೆಂದು ಹೇಳಿರಲಿಲ್ಲ. “ಇವ್ನೂ ಕದಿಯೋನೇ ಅತ್ತೆಮ್ಮ” ಅಂದೆ. ನೀವು ನಗುತ್ತಾ ಹಾಳೆಗಳನ್ನು ಒಂದೊಂದಾಗಿ ಆಯ್ದಿರಿ.

ಅಷ್ಟು ಹೊತ್ತಿಗೆ ನಮ್ಮ ಬೀದಿಗೆ ಕರೆಂಟಿನ ಹಿಟ್ಟಿನ ಮಿಲ್ಲು ಬಂದಿತ್ತು. ರಾಗಿ ಹೊಲದ ಮೇಲೆ ಕಾರ್ಖಾನೆಯ ಶೆಡ್ಡುಗಳು ಎದ್ದಿದ್ದವು. ಬೀಸುವ ಕಲ್ಲು ಹಿತ್ತಲ ಮೂಲೆ ಸೇರಿತ್ತು. ಆದರೂ ನೀವು ಇಲ್ಲದ ಗೂಟವನ್ನು ಹಿಡಿದು ಗಾಳಿಯಲ್ಲೇ ಕೈ ತಿರುಗಿಸಿದಿರಿ.

“ನಾವಿಬ್ರು ಎದುರುಬದುರು ಕುಂತು ಬೀಸ್ತಿದ್ವಿ ನೋಡು, ನಾನೂ ನಮ್ಮ ವಾರಗಿತ್ತೀನೂ. ಅವ್ಳಿಗೆ ಏದುಸ್ರು ಬಂದು ಬೀಸೋ ಪದಾನ ಹಾಡ್ತಾ ಹಾಡ್ತಾ ಅರ್ಧಕ್ಕೆ ಬುಟ್ರೆ ನಾನು ಎತ್ಕಂತಿದ್ದೆ. ನನ್ ಬಾಯಿಗ್ ಬಂದ್ ಮ್ಯಾಕೆ ಅದು ನಂದೇಯ. ಆದ್ರೆ ಬುಟ್ಟೋಳ ಉಸ್ರು ಅದ್ರಾಗೇ ಇರ್ತದೆ. ಅದನ್ನ ಕದ್ದೆ ಅಂತಾರಾ?”

ಅಂದು ಸಂಜೆಯೇ ಆ ಮಾತನ್ನು ಪ್ರಬಂಧದಲ್ಲಿ ಬರೆದೆ: “ಎತ್ತಿಕೊಂಡ ಮಾತು ಅವನದೇ ಆಯಿತು, ಬಿಟ್ಟುಕೊಟ್ಟವರ ಉಸಿರೂ ಅದರಲ್ಲಿ ಉಳಿಯಿತು.” ಅದರ ಮೇಲೆಯೇ ಒಂದು ಅಧ್ಯಾಯ ನಿಂತಿತು. ಕೆಳಗೆ ಟಿಪ್ಪಣಿ ಹಾಕಲಿಲ್ಲ. ತಪ್ಪು ಎಂದು ಆಗ ಅನ್ನಿಸಲೂ ಇಲ್ಲ. ನಿಮ್ಮ ಲೆಕ್ಕದಲ್ಲೇ ಅದು ನನ್ನ ಬಾಯಿಗೆ ಬಂದಿತ್ತಲ್ಲ…

ನೀವು ಹೋದ ಮೂರು ತಿಂಗಳಿಗೆ ಮೌಖಿಕ ಪರೀಕ್ಷೆಯಾಯಿತು. ಹೊರಗಿನ ಪರೀಕ್ಷಕರಾಗಿ ಬಂದಿದ್ದ ವೃದ್ಧ ಪ್ರಾಧ್ಯಾಪಕರು ಅದೇ ಸಾಲನ್ನು ಎರಡು ಸಲ ಓದಿ ಕನ್ನಡಕ ತೆಗೆದರು. “ಇದು ಯಾರ ಮಾತು ತಾಯಿ? ಎಲ್ಲೂ ಓದಿದ ಹಾಗಿಲ್ಲವಲ್ಲ.”

“ನನ್ನದೇ ಸಾರ್.”

ಅಂದುಬಿಟ್ಟೆ ಅತ್ತೆಮ್ಮ. ಒಬ್ಬ ಮನುಷ್ಯ ಹೇಳದೆ ಬಿಟ್ಟ ಋಣಗಳನ್ನು ಮುನ್ನೂರು ಪುಟ ಹುಡುಕಿದವಳು ಹಾಗೆ ಅಂದುಬಿಟ್ಟೆ. ಯಾಕೆ? ಬೀಸುವ ಕಲ್ಲಿನ ಮಾತೆಂದರೆ ಆ ಕೋಣೆಯಲ್ಲಿ ನಗುತ್ತಾರೆಂಬ ಅಂಜಿಕೆಯೇ? ಇಲ್ಲವೇ ಜೀವಮಾನದಲ್ಲಿ ಒಂದಾದರೂ ಒಳ್ಳೆಯ ಮಾತು ನನ್ನದಾಗಿರಲಿ ಎಂಬ ಆಸೆಯೇ? ಡಾಕ್ಟರೇಟು ಬಂತು. ಹಾರ ಹಾಕಿಸಿಕೊಂಡು ಮನೆಗೆ ಬಂದಾಗ ನಿಮ್ಮ ಫೋಟೋದ ಕಡೆ ನೋಡಲಾಗಲಿಲ್ಲ.

ಹೋದ ತಿಂಗಳು ಅದೇ ಪ್ರಬಂಧ ಪುಸ್ತಕವಾಗಲು ಹೊರಟು ಕರಡಚ್ಚು ಮನೆಗೆ ಬಂತು. ಮುನ್ನುಡಿ ಆ ಪ್ರಾಧ್ಯಾಪಕರದೇ. ನಿಮ್ಮ ಸಾಲನ್ನು ಎತ್ತಿ ಬರೆದು, ‘ಲೇಖಕಿಯ ಸ್ವಂತ ಕಾಣ್ಕೆ’ ಎಂದು ಹೊಗಳಿದ್ದಾರೆ. ಈಗ ಟಿಪ್ಪಣಿ ಹಾಕಿದರೆ ಅವರ ಮುಂದೆ ನಾನು ಸುಳ್ಳುಗಾತಿ. ಅವರು ಮುನ್ನುಡಿ ಹಿಂದಕ್ಕೆ ಪಡೆದರೆ ಪ್ರಕಾಶಕರೂ ಹಿಂಜರಿದಾರು. ಹಾಕದಿದ್ದರೆ ನೀವು ಎಲ್ಲೂ ಇಲ್ಲ. ಒಂದು ವಾರ ಆ ಪುಟವನ್ನು ಮುಂದಿಟ್ಟುಕೊಂಡು ಕೂತೆ. ಕಾರ್ಖಾನೆಯ ಮೊದಲ ಪಾಳಿ ಮುಗಿಸಿ ಬಂದ ನಿಮ್ಮ ಮಗ ಕೇಳಿದರು, “ಏನೇ ಇದು, ದಿನಾ ಅದೇ ಪುಟ?” ಎಲ್ಲ ಹೇಳಿದೆ. ಬೂಟಿನ ಲೇಸು ಬಿಚ್ಚುತ್ತಾ ಹೇಳಿದರು:

“ಅವ್ವ ಇದ್ದಿದ್ರೆ ‘ಮಡಿಕ್ಕೊ, ನಿಂದೇ’ ಅನ್ನೋಳು.”

“ಹೂಂ.”

“ಅದಕ್ಕೇ ನೀನು ಇಟ್ಕೋಬಾರ್ದು.”

ಮಾರನೆಯ ದಿನ ಪ್ರಾಧ್ಯಾಪಕರಿಗೆ ಕಾಗದ ಬರೆದೆ. ಹತ್ತು ದಿನ ಅಂಚೆಯವನ ಸೈಕಲ್ ಗಂಟೆ ಕೇಳಿದಾಗಲೆಲ್ಲ ಬಾಗಿಲಿಗೆ ಓಡಿದೆ. ಬಂದ ಉತ್ತರ ಚಿಕ್ಕದು. ಹೊಗಳಿದ್ದ ಸಾಲುಗಳನ್ನು ಹೊಡೆದು ಹಾಕಿ ಉಳಿದ ಮುನ್ನುಡಿಯನ್ನು ಇರಗೊಟ್ಟಿದ್ದರು. “ಅಂದೇ ಹೇಳಿದ್ದರೆ ನನಗೆ ಇನ್ನೂ ಸಂತೋಷವಾಗುತ್ತಿತ್ತು. ಅವರ ಹೆಸರು, ಊರು ಸರಿಯಾಗಿ ಹಾಕಿ.” ಪೆಟ್ಟು ತಗುಲಿತು. ತಗುಲಬೇಕಾದದ್ದೇ.

ಆದರೆ ನಿಮ್ಮ ಹೆಸರು! ಸೊಸೆಯಾಗಿ ಬಂದವಳು ಅತ್ತೆಯ ಹೆಸರು ಹೇಳುವುದುಂಟೇ? ನಿಮ್ಮ ಮೊಮ್ಮಗಳಿಗೆ ನಿಮ್ಮ ಹೆಸರನ್ನೇ ಇಟ್ಟ ಮೇಲೆ, ಅವಳನ್ನೂ ಆ ಹೆಸರಿನಿಂದ ಕರೆಯಲಾಗದೆ ಇಪ್ಪತ್ತು ವರ್ಷ ‘ಪುಟ್ಟಿ’ ಅಂದೇ ಕಳೆದೆ. ಟಿಪ್ಪಣಿಯನ್ನು ಮೂಲಪ್ರತಿಯಲ್ಲೂ ಕರಡಿನಲ್ಲೂ ಕೈಯಿಂದ ಹೇಗೋ ಬರೆದೆ. ಕರಡು ತಿದ್ದುವುದೆಂದರೆ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮೂಲಪ್ರತಿ ಹಿಡಿದು ನೋಡಬೇಕು. ನಿನ್ನೆ ಮಧ್ಯಾಹ್ನ ಪುಟ್ಟಿ ಮೂಲಪ್ರತಿ ಹಿಡಿದು ಕೂತಿದ್ದಳು. ಆ ಟಿಪ್ಪಣಿಗೆ ಬಂದಾಗ ಓದು ನಿಲ್ಲಿಸಿ ಹಾಳೆಯನ್ನು ಕಣ್ಣ ಹತ್ತಿರ ಹಿಡಿದೆ.

“ಯಾಕಮ್ಮ, ಅಕ್ಷರ ಕಾಣ್ತಿಲ್ವಾ?”

ಓದಿದೆ. “ಈ ಮಾತು ದೊಡ್ಡನೆಕ್ಕುಂದಿಯ ಮುನಿತಾಯಮ್ಮನವರದು. ರಾಗಿ ಬೀಸುವ ಬಗೆಯನ್ನು ವಿವರಿಸುತ್ತಾ ಲೇಖಕಿಗೆ ಹೇಳಿದ್ದು.”

ಪುಟ್ಟಿ ತಲೆಯೆತ್ತಿದಳು. ಆ ಹೆಸರನ್ನು ನನ್ನ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು.

“ಇನ್ನೊಂದ್ಸಲ ಓದಮ್ಮ.”

“ಯಾಕೆ, ತಪ್ಪಿದ್ಯಾ?”

“ಇಲ್ಲ. ಸರಿಯಾಗೇ ಇದೆ. ಓದು.”

ಓದಿದೆ, ಅತ್ತೆಮ್ಮ.

ನಿಮ್ಮ ಸೊಸೆ