ನಿಮ್ಮನೆ ಅಂದರೆ ಯಾರ ಮನೆ

ಶನಿವಾರ, ಆಗಸ್ಟ್ ೯

ಇವತ್ತೂ ಕರೆಂಟಿಲ್ಲ. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ, ಯಾರ ಮೇಲೆ ಎಂಬುದು ಈಗ ಗೊತ್ತಾಗುತ್ತಿಲ್ಲ.

"ಶನಿವಾರ ಮಧ್ಯಾಹ್ನ ಊಟ ನಿಮ್ಮನೇಲಿ," ಅಂದಿದ್ದಳು ಪಕ್ಕದ ಮನೆಯ ಹಿರಿಯಾಕೆ ದೋನ್ಯಾ ಒದಿಲಿಯಾ. ನನ್ನನ್ನು ಕೇಳದೆ ತಾನೇ ನಿರ್ಧರಿಸಿಬಿಟ್ಟಳಲ್ಲ ಎಂದು ಉರಿದುಕೊಂಡೇ, ಮೆಕ್ಸಿಕೊದ ಈ ಕಡಲತೀರದ ಊರಿನ ಸೆಕೆಯಲ್ಲಿ ಅವಳ ಇಡೀ ಸಂಸಾರಕ್ಕೆ ಮೀನು ಹುರಿದೆ. ಒಂದು ನರಪಿಳ್ಳೆಯೂ ಬರಲಿಲ್ಲ.

"ಈ ಜನರ ಮಾತು ನಂಬಿದ್ಯಲ್ಲ, ನಿನಗೆ ಹೇಳಬೇಕು," ಎಂದ ಗಂಡ ಡೆರಿಕ್. ನಾನೂ ತಲೆಯಾಡಿಸಿದೆ.

ಅಷ್ಟರಲ್ಲಿ ಬೇಲಿಯಾಚೆಯಿಂದ ಅವಳ ಕೂಗು. "ಏನ್ ಬಿಳಿಯಮ್ಮಾ, ಕರೆಯೋಕೆ ಮೇಳ ಕಳಿಸ್ಬೇಕಾ? ಹಂದಿ ಸಾರು ಆರ್ಹೋಯ್ತು, ನಮ್ಮೆಜಮಾನ್ರು ಹಸ್ಕೊಂಡು ಕೂತವ್ರೆ!"

"ನಮ್ಮನೇಲಿ ಅಂದಿದ್ರಲ್ಲ?"

"ಹೂಂ ಮತ್ತೆ, ನಿಮ್ಮನೇನೇ!" ಎಂದು ತನ್ನ ಬಾಗಿಲನ್ನೇ ತೋರಿಸಿದಳು.

ಇಲ್ಲಿಯವರು ಊಟಕ್ಕೆ ಕರೆಯುವಾಗ ಮರ್ಯಾದೆಗೆ ತಮ್ಮ ಮನೆಯನ್ನೇ 'ನಿಮ್ಮನೆ' ಎನ್ನುತ್ತಾರಂತೆ. ಹೊರದೇಶದಿಂದ ಬಂದು ಇಷ್ಟು ವರ್ಷ ಇಲ್ಲಿದ್ದೂ ಇದು ನನಗೇಕೆ ಗೊತ್ತಿಲ್ಲ? ನಾನು ಕಿವಿಗೊಡಲಿಲ್ಲವೋ, ಯಾರೂ ಕರೆದೇ ಇರಲಿಲ್ಲವೋ?

ಮೀನನ್ನೂ ಹೊತ್ತುಕೊಂಡು ಹೋದೆವು. ಡೆರಿಕ್ ಎರಡು ಸಲ ಸಾರು ಹಾಕಿಸಿಕೊಂಡ. ಹೊರಡುವಾಗ ನಾನೂ ಧೈರ್ಯ ಮಾಡಿ, ಅವರ ಹಾಗೇ, "ಮುಂದಿನ ಶನಿವಾರ ಊಟ ನಿಮ್ಮನೇಲಿ," ಅಂದೆ. ಅವಳು ತನ್ನ ಬಾಗಿಲನ್ನೊಮ್ಮೆ, ನಮ್ಮ ಬಾಗಿಲನ್ನೊಮ್ಮೆ ನೋಡಿ, "ಆಗ್ಲಿ," ಎಂದು ನಕ್ಕಳು.

ಈಗ ಅಡುಗೆ ಯಾರು ಮಾಡಬೇಕೋ, ನಾನೋ ಅವಳೋ?